ಬೆರಳು ಕೊಟ್ಟ ಮನೆ

ಹೋಳೂರಿನ ಮುತ್ಯಾಲಮ್ಮಜ್ಜಿ ಮೊಮ್ಮಗನ ಹೆಂಡತಿಯ ಹತ್ತಿರ ನಯವಾಗಿ ಮಾತಾಡಿದ್ದನ್ನು ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ. ಹಾಗೆಂದು ಅಜ್ಜಿ ಕೆಟ್ಟವಳೇನಲ್ಲ. ಎಂಬತ್ತರ ಹತ್ತಿರದ ಮುದುಕಿ, ಮಾತು ಖಾರ, ಅಷ್ಟೆ. ಅಂಥವಳು ಒಂದು ದಿನ ಬೆಳಗ್ಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮೆತ್ತಗೆ ಕೂಗಿದಳು.

"ಏಮೇ ಅಮ್ಮಾಯಿ, ನೀನು ಕೋಲಾರ ನೋಡಿಲ್ಲ ಅಲ್ವಾ? ನಾಳಿದ್ದು ಗಾಡಿ ಕಟ್ಟಿಸ್ತೀನಿ. ಸೋಮೇಶ್ವರನ ಗುಡಿ, ಕೋಲಾರಮ್ಮ, ಅಂತರಗಂಗೆ, ಎಲ್ಲಾ ತೋರಿಸ್ತೀನಿ. ಆಮೇಲೆ ಹಂಗೇ ಸೀತಿ ಬೆಟ್ಟಕ್ಕೆ ಹೋಗಿ ಬರಾನ."

ಹಾಲು ಕರೆಯುತ್ತಿದ್ದ ಆದಿಲಕ್ಷ್ಮಮ್ಮನ ಕೈ ಕೆಚ್ಚಲ ಮೇಲೇ ನಿಂತಿತು. ಕೋಲಾರದ ಗುಡಿಗಳ ಹೆಸರೊಂದೂ ಅವಳ ಕಿವಿಗೆ ಹೋಗಲಿಲ್ಲ. ಕೊನೆಯಲ್ಲಿ ಬಂದ ಸೀತಿ ಬೆಟ್ಟ ಮಾತ್ರ ಹೋಯಿತು.

ಯಾಕೆಂದು ಹೇಳಬೇಕಾದರೆ ಆ ಮನೆಯ ಕಟ್ಟಲೆ ಹೇಳಬೇಕು. ಅದು ಬೆರಳು ಕೊಡುವ ಮನೆತನ. ಹಿಂದೆ ಈಶ್ವರ ಭಸ್ಮಾಸುರನಿಗೆ ಕೇಳಿದ ವರ ಕೊಟ್ಟು, ಆಮೇಲೆ ಅವನಿಗೇ ಹೆದರಿ ಓಡಿಬಂದು ಸೀತಿಯ ಹೊಲವೊಂದರ ಪೊದೆಯಲ್ಲಿ ಅವಿತುಕೊಂಡನಂತೆ. ದೇವರಿಗಾದರೂ ಅಷ್ಟೆ, ಕೆಟ್ಟ ಮೇಲೆ ಬುದ್ಧಿ. ರಕ್ಕಸ ಬಂದು ಕೇಳಿದಾಗ ಉಳುತ್ತಿದ್ದ ರೈತ ಬಾಯಲ್ಲಿ "ನಾ ಕಾಣೆ" ಎಂದು, ಕಿರುಬೆರಳಲ್ಲಿ ಪೊದೆ ತೋರಿಸಿದ. ರಕ್ಕಸ ಹೇಗೋ ಬೂದಿಯಾದ. ಈಶ್ವರ ಹೊರಗೆ ಬಂದು, ತೋರಿಸಿದ ಬೆರಳನ್ನು ಕೊಡು ಎಂದ. ಅಷ್ಟರಲ್ಲಿ ಬುತ್ತಿ ಹೊತ್ತು ಬಂದ ಹೆಂಡತಿ, "ಗಂಡನ ಬೆರಳು ಹೋದರೆ ನೇಗಿಲ ಮೇಳಿ ಹಿಡಿಯೋರು ಯಾರು ಸ್ವಾಮಿ? ಒಂದಕ್ಕೆ ಎರಡು, ನನ್ನವು ತಗೊಳ್ಳಿ" ಎಂದಳು. ತಪ್ಪು ಮಾಡಿದವನು ಒಬ್ಬ, ತೆತ್ತವಳು ಇನ್ನೊಬ್ಬಳು. ಅಂದಿನಿಂದ ಆ ವಂಶದ ಹೆಂಗಸರು ಹಿರಿಯ ಮಗುವಿನ ಕಿವಿ ಚುಚ್ಚಿಸುವ ಮುಂಚೆ ಸೀತಿ ಬೆಟ್ಟದಲ್ಲಿ ಬಲಗೈಯ ಉಂಗುರದ ಬೆರಳು, ಕಿರುಬೆರಳು ಎರಡರ ತುದಿಯ ಗೆಣ್ಣನ್ನೂ ದೇವರಿಗೆ ಕೊಡಬೇಕಾಯಿತು. ಆಚಾರಿ ಉಳಿ ಇಟ್ಟು ತೆಗೆಯುತ್ತಿದ್ದ.

ಸರ್ಕಾರದವರು ಅದನ್ನು ನಿಲ್ಲಿಸಿ ಬಹಳ ವರ್ಷವಾಗಿತ್ತು. ಈಗ ಬೆರಳಿಗೆ ಹೂವು ಸುತ್ತಿ, ಆ ಹೂವನ್ನು ಕಿತ್ತು ದೇವರಿಗೆ ಹಾಕಿದರೆ ಮುಗಿಯಿತು. ನಿಜವಾಗಿ ಬೆರಳು ಕೊಟ್ಟವರಲ್ಲಿ ಊರಿನಲ್ಲಿ ಉಳಿದಿದ್ದವಳು ಮುತ್ಯಾಲಮ್ಮಜ್ಜಿ ಒಬ್ಬಳೇ. ಕಲ್ಲಿನ ಮೇಲೆ ಕೈಯಿಟ್ಟು ನಗುನಗುತ್ತಾ ಕೊಟ್ಟಳಂತೆ ಎಂದು ಸುತ್ತಲಿನ ಊರುಗಳಲ್ಲೆಲ್ಲ ಹೆಸರು. ಮದುವೆ ಮನೆಗಳಲ್ಲಿ ಮೊದಲ ವೀಳ್ಯ ಅವಳಿಗೆ. ಅಜ್ಜಿ ಮಾತ್ರ ಯಾರಾದರೂ ಆ ವಿಷಯ ಎತ್ತಿದರೆ ಎದ್ದು ಹೋಗುತ್ತಿದ್ದಳು. ದೊಡ್ಡವರಿಗೆ ಹೊಗಳಿಕೆ ಬೇಕಿಲ್ಲ ಎಂದು ಜನ ಅದನ್ನೂ ಹೊಗಳುತ್ತಿದ್ದರು.

ಆದಿಲಕ್ಷ್ಮಮ್ಮನ ಅತ್ತೆ ಹೂವು ಕೊಟ್ಟವಳು. ವಯಸ್ಸಲ್ಲದ ವಯಸ್ಸಿನಲ್ಲಿ ಸತ್ತಳು. ಆದಿಲಕ್ಷ್ಮಮ್ಮನಿಗೆ ಮೊದಲ ಮಗಳು ಚಿಕ್ಕಗಂಗಮ್ಮ, ಮನೆಯವರ ಬಾಯಲ್ಲಿ ಗಂಗಿ, ಹುಟ್ಟಿದ ಮೇಲೆ ಎರಡು ಗಂಡು ಕೂಸು ತೊಟ್ಟಿಲಲ್ಲೇ ಹೋದವು. ಮಗಳ ಕಿವಿ ಚುಚ್ಚಿಸುವ ಮಾತು ಬಂದ ತಿಂಗಳಲ್ಲೇ ಮುಳಬಾಗಿಲ ಕಡೆಯಿಂದ ಕಣಿ ಹೇಳುವವಳೊಬ್ಬಳು ಬಂದಿದ್ದಳು. ಜಗುಲಿಯ ಮೇಲೆ ಅವಳು ಅಜ್ಜಿಗೆ ಹೇಳಿದ್ದನ್ನು ಆದಿಲಕ್ಷ್ಮಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು.

"ಹೂವು ತೋರ್ಸಿ ದೇವರ ಕಣ್ಣಿಗೆ ಮಣ್ಣೆರಚಿದ್ದೀರ. ಬೆರಳು ಕೇಳ್ತಾವ್ನೆ ಆ ಸ್ವಾಮಿ. ಕೊಡ್ದಿದ್ರೆ ಉಳಿದಿರೋ ಹೆಣ್ಣು ಕೂಸನ್ನೂ ತಗೋತಾನೆ."

ಅಜ್ಜಿ "ಕೊಡ್ತೀನಿ" ಎಂದಳು. ಏನು ಕೊಡುತ್ತೇನೆ, ಯಾರದ್ದು ಕೊಡುತ್ತೇನೆ ಎಂದು ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ. ಹರಕೆ ತೀರುವ ತನಕ ಅದನ್ನು ಬಾಯಿಬಿಟ್ಟು ಆಡಬಾರದು, ಬೇರೆಯವರು ಕೇಳಲೂಬಾರದು. ಆಡಿದರೆ ಹರಕೆ ಹಳಸುತ್ತದೆ ಎಂಬುದು ಆ ಮನೆಯ ನಂಬಿಕೆ. ಇಂಥ ನಂಬಿಕೆಗಳನ್ನು ಮಾಡಿದವರಿಗೆ ಮಾತಿನ ಬೆಲೆ ಗೊತ್ತಿತ್ತೋ ಇಲ್ಲವೋ, ನನಗಂತೂ ಅನುಮಾನ.

ಹೊರಡುವ ದಿನ ಗಾಡಿಯಲ್ಲಿ ಗಂಡ ಕೋದಂಡರಾಮಪ್ಪ ಮೂಗುದಾರ ಹಿಡಿದು ಕೂತಿದ್ದ. ಅಜ್ಜಿ ಹತ್ತಿದಳು, ಚಿಕ್ಕಗಂಗಮ್ಮ ಹತ್ತಿತು. ಆದಿಲಕ್ಷ್ಮಮ್ಮ ಹತ್ತುವಾಗ ಹಿಂದಿನಿಂದ ಇನ್ನೊಬ್ಬ ಬಂದ. ಊರಿನ ಬಡಗಿ ಸೊಣ್ಣಪ್ಪಾಚಾರಿ. ಹೆಗಲಲ್ಲಿ ಹತಾರದ ಚೀಲ.

"ಅವನೂ ಬರ್ಲಿ ಬಿಡು. ಪಾಪ, ಕೋಲಾರ ನೋಡ್ದಂಗೂ ಆಗುತ್ತೆ" ಎಂದಳು ಅಜ್ಜಿ.

ಸೊಣ್ಣಪ್ಪಾಚಾರಿ ಗಾಡಿಯ ಚಕ್ರಕ್ಕೆ ಪಟ್ಟಿ ತರಲು ಕೋಲಾರಕ್ಕೆ ಹೋಗದ ವಾರವಿರಲಿಲ್ಲ. ಅವನು ಚೀಲವನ್ನು ಹುಲ್ಲಿನ ಅಡಿಗೆ ತಳ್ಳಿ ಕೂತುಕೊಂಡ. ಗಾಡಿ ಕುಲುಕಿದಾಗಲೆಲ್ಲ ಹುಲ್ಲಿನೊಳಗೆ ಕಬ್ಬಿಣ ಕಬ್ಬಿಣಕ್ಕೆ ತಾಗುತ್ತಿತ್ತು. ಆದಿಲಕ್ಷ್ಮಮ್ಮ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೋಲಾರದ ತನಕ ಬಂದಳು.

ಸೋಮೇಶ್ವರನ ಗುಡಿಯಲ್ಲಿ ಅಜ್ಜಿ ಅವಳ ತೋಳು ಹಿಡಿದು ಕಂಬ ಕಂಬದ ಹತ್ತಿರ ಕರೆದುಕೊಂಡು ಹೋದಳು. ಕಲ್ಯಾಣ ಮಂಟಪದ ಕಲ್ಲಿನ ಕೆತ್ತನೆ ನೋಡಿ ಗಂಗಿ ಬಾಯಿಬಿಟ್ಟು ನಿಂತಿತು. ಆನೆ, ಸಿಂಹ, ಹಂಸ, ಬಳ್ಳಿ, ಕುಣಿಯುವ ಹೆಣ್ಣು. ಹಾಗೆ ಕುಣಿಯುತ್ತಿದ್ದ ಒಬ್ಬಳ ಬಲಗೈಯಲ್ಲಿ ಬೆರಳಿರಲಿಲ್ಲ. ಯಾವ ಕಾಲದಲ್ಲಿ ಯಾರ ಕೈತಾಗಿ ಮುರಿದಿದ್ದೋ, ಮುರಿದ ಜಾಗ ಸವೆದು ನುಣ್ಣಗಾಗಿತ್ತು. ಆದರೂ ಅವಳ ಮುಖದಲ್ಲಿ ನಗು ಹಾಗೇ ಇತ್ತು.

"ನೋಡೇ, ಎರಡು ಕಣ್ಣು ತುಂಬ ನೋಡ್ಕೊ" ಎಂದಳು ಅಜ್ಜಿ. "ಇನ್ನೊಂದ್ಸಲ ಬರೋಕೆ ಯಾವಾಗಾಗುತ್ತೋ."

ಹಬ್ಬದ ಹಿಂದಿನ ದಿನ ಕುರಿಗೆ ಹಸಿ ಸೊಪ್ಪು ಹಾಕುವ ಹಾಗಿತ್ತು ಅಜ್ಜಿಯ ಅಕ್ಕರೆ. ಗುಡಿಯ ಮುಂದೆ ಮಲ್ಲಿಗೆ ಕೊಂಡು ತಾನೇ ಮುಡಿಸಿದಳು. ಪುರಿ, ಕಡಲೆ ಕೊಡಿಸಿದಳು. ಇಷ್ಟು ವರ್ಷ ಒಂದು ಹನಿ ಎಣ್ಣೆ ಹೆಚ್ಚಾಗಿ ಬಿದ್ದರೆ ಮನೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದವಳು! ಆದಿಲಕ್ಷ್ಮಮ್ಮ ತನ್ನ ಪಾಲಿನ ಪುರಿಯನ್ನು ಗಂಗಿಯ ಬೊಗಸೆಗೆ ಸುರಿದಳು.

ಕೋಲಾರಮ್ಮನ ಗುಡಿ ಪಕ್ಕದಲ್ಲೇ. ಆ ತಾಯಿಯ ನೋಟ ಬಲು ಉಗ್ರವಂತೆ, ನೇರವಾಗಿ ನೋಡಬಾರದು. ಎದುರಿಗಿಟ್ಟ ಕನ್ನಡಿಯಲ್ಲಿ ನೋಡಿ ಕೈಮುಗಿಯಬೇಕು. ಆದಿಲಕ್ಷ್ಮಮ್ಮ ದೇವಿಗೆ ಬೆನ್ನು ಮಾಡಿ ಕನ್ನಡಿಯತ್ತ ತಿರುಗಿದಳು. ಒಳಗೆ ಕುಂಕುಮ ಕಂಡಿತು, ದೀಪ ಕಂಡಿತು. ಅದರ ಪಕ್ಕದಲ್ಲಿ ಅಜ್ಜಿಯ ಮುಖವೂ ಕಂಡಿತು. ಅಜ್ಜಿ ದೇವಿಯನ್ನು ನೋಡುತ್ತಿರಲಿಲ್ಲ, ಮುಗಿದಿದ್ದ ಆದಿಲಕ್ಷ್ಮಮ್ಮನ ಕೈಗಳನ್ನೇ ಎವೆಯಿಕ್ಕದೆ ನೋಡುತ್ತಿದ್ದಳು. ಆದಿಲಕ್ಷ್ಮಮ್ಮ ಬೆಚ್ಚಿ ಕೈ ಇಳಿಸಿದಳು. ಕೋಲಾರಮ್ಮನನ್ನು ಬೇಡಿಕೊಳ್ಳಬೇಕೆಂದಿದ್ದ ಮಾತೆಲ್ಲ ಮರೆತುಹೋಯಿತು.

ಅಲ್ಲಿಂದ ಮಕಬರಕ್ಕೆ ಹೋದರು. ಹೈದರನ ತಂದೆಯ ಗೋರಿ, ಸುತ್ತಲೂ ಮರದ ನೆರಳು, ಬೇಡಿಕೊಂಡವರು ಕಟ್ಟಿದ ಬಣ್ಣದ ದಾರಗಳು. ಅಜ್ಜಿ ಅಲ್ಲಿಯೂ ಚಪ್ಪಲಿ ಬಿಟ್ಟು ತಲೆ ಬಾಗಿಸಿ, ಮಗುವನ್ನು ಕರೆದುಕೊಂಡು ಆಚೆ ಹೋದಳು. ಆದಿಲಕ್ಷ್ಮಮ್ಮನಿಗೆ ಗಂಡನೊಬ್ಬನೇ ಸಿಕ್ಕಿದ್ದು ಅಲ್ಲಿ ಮಾತ್ರ.

"ಆಚಾರಿ ಯಾಕೆ ಬಂದವ್ನೆ?" ಎಂದು ಕೇಳಿದಳು.

ಕೋದಂಡರಾಮಪ್ಪ ನೆಲ ನೋಡಿದ. "ಅಜ್ಜಿ ಹರಕೆ. ಅದೆಲ್ಲಾ ಕೇಳ್ಬಾರದು ಕಣೇ."

"ನಿಮಗೆ ಗೊತ್ತಾ?"

"ನಂಗೆ ಹೇಳಿಲ್ಲ."

"ಹೇಳ್ದಿದ್ರೂ ಗೊತ್ತಾಗಲ್ವಾ? ಸೀತಿ ಬೆಟ್ಟಕ್ಕೆ ಆಚಾರೀನ ಯಾಕೆ ಕರ್ಕೊಂಡು ಹೋಗ್ತಾರೆ?"

ಅವನು ಗೋರಿಯ ಗೋಡೆಯ ಸುಣ್ಣವನ್ನು ಉಗುರಿನಲ್ಲಿ ಕೆರೆಯುತ್ತಾ ನಿಂತ. ಅವನಿಗೂ ಅದೇ ಅನುಮಾನ ಬಂದಿತ್ತು, ಅದು ಅವನ ತಗ್ಗಿಸಿದ ಕತ್ತಿನಲ್ಲೇ ಕಾಣುತ್ತಿತ್ತು. ಆಮೇಲೆ, "ಗಂಗಿ ಉಳೀಬೇಕಲ್ಲ" ಎಂದ. ಅಷ್ಟು ಹೇಳಿ ಎತ್ತುಗಳಿಗೆ ನೀರು ತೋರಿಸಲು ಹೊರಟುಹೋದ. ಒಳ್ಳೆಯವನು, ಕೈಯೆತ್ತಿ ಹೊಡೆದವನಲ್ಲ, ಕುಡಿದವನಲ್ಲ. ಗಾಳಿ ಬಂದ ಕಡೆ ತೂರಿಕೊಳ್ಳುವ ಒಳ್ಳೆಯವರಿಂದ ಲೋಕಕ್ಕೆ ಆಗುವ ಕೆಡುಕು ಕಳ್ಳರಿಂದಲೂ ಆಗುವುದಿಲ್ಲ.

ಅಂತರಗಂಗೆಯ ಮೆಟ್ಟಿಲನ್ನು ಅಜ್ಜಿ ಕೋಲೂರಿಕೊಂಡು ಹತ್ತಿದಳು. ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಿತ್ತು. ಎಲ್ಲಿಂದ ಬರುತ್ತದೋ ಯಾರಿಗೂ ಗೊತ್ತಿಲ್ಲದ ನೀರು, ಮಂಜಿನಷ್ಟು ತಣ್ಣಗೆ. ಗಂಗಿ ಬೇಡವೆಂದರೂ ಕೇಳದೆ ತಲೆಯೊಡ್ಡಿ ನೆನೆಯಿತು. ಆದಿಲಕ್ಷ್ಮಮ್ಮ ಮಗುವಿನ ತಲೆ ಒರೆಸುತ್ತಾ ಕಲ್ಲಿನ ಮೇಲೆ ಕೂತಿದ್ದಾಗ ಸೊಣ್ಣಪ್ಪಾಚಾರಿ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತ.

"ತಾಯಿ, ಬಲಗೈ ಸ್ವಲ್ಪ ಕೊಡಮ್ಮ."

ಯಾಕೆಂದು ಕೇಳಲು ಬಾಯಿ ತೆರೆದಳು. ಮೇಲಿನ ಮೆಟ್ಟಿಲಿನಿಂದ ಅಜ್ಜಿ ತುಟಿಯ ಮೇಲೆ ಬೆರಳಿಟ್ಟು, ಮಾತಾಡಬೇಡ ಎಂದು ಸನ್ನೆ ಮಾಡಿದಳು. ತುಟಿಯ ಮೇಲಿದ್ದದ್ದು ತೋರುಬೆರಳು. ಮಡಚಿದ ಕೈಯಲ್ಲಿ ಕೊನೆಯ ಎರಡು ಬೆರಳು ಮೊಂಡಾಗಿ ಕಾಣುತ್ತಿದ್ದವು. ಆದಿಲಕ್ಷ್ಮಮ್ಮ ಕೈ ಚಾಚಿದಳು. ಆಚಾರಿ ಒಂದು ಒಣ ಕಡ್ಡಿ ತೆಗೆದು ಅವಳ ಕಿರುಬೆರಳ ತುದಿಯ ಗೆಣ್ಣಿಗೆ ಇಟ್ಟು ಅಳತೆಗೆ ಮುರಿದ. ಉಂಗುರದ ಬೆರಳಿಗೂ ಹಾಗೇ ಮಾಡಿದ. ಎರಡು ತುಂಡು ಕಡ್ಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, "ಸಣ್ಣ ಕೈ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಎದ್ದು ಹೋದ.

ಅವಳಿಗೆ ಅಳು ಬರಲಿಲ್ಲ. ಹೆದರಿಕೆ ಒಂದು ಮಟ್ಟ ದಾಟಿದರೆ ಅಳುವೂ ಹತ್ತಿರ ಬರುವುದಿಲ್ಲ. ಈ ಕೈಯಲ್ಲಿ ಹಾಲು ಕರೆಯುವುದು ಹೇಗೆ, ಜಡೆ ಹೆಣೆಯುವುದು ಹೇಗೆ ಎಂದು ಯೋಚಿಸಿದಳು. ಓಡಿಹೋದರೆ ಎಂದೂ ಯೋಚಿಸಿದಳು. ಮಾಲೂರಿನ ಹತ್ತಿರ ತವರು, ಅಪ್ಪ ಇದ್ದಾನೆ, ಕೋಲಾರದಿಂದ ಯಾವುದಾದರೂ ಗಾಡಿ ಸಿಕ್ಕೀತು. ಆದರೆ ಓಡಿಹೋದ ಮೇಲೆ ಗಂಗಿಗೆ ಒಂದು ಕೆಮ್ಮು ಬಂದರೆ?

ಹೊತ್ತು ಮುಳುಗುವ ಮುಂಚೆ ಸೀತಿ ಬೆಟ್ಟದ ಬುಡದ ಛತ್ರ ಸೇರಿದರು. ಹಿತ್ತಲಿನಲ್ಲಿ ಆಚಾರಿ ಸಾಣೆಕಲ್ಲಿಗೆ ಉಳಿ ಮಸೆಯುವ ಸದ್ದು ಕೇಳುತ್ತಿತ್ತು. ನಡುನಡುವೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಅನ್ನ ಕಲಸಿ ಮಗುವಿನ ಬಾಯಿಗೆ ಇಡಲು ಹೋದ ಆದಿಲಕ್ಷ್ಮಮ್ಮನಿಗೆ ಗಂಗಿಯ ಕೆನ್ನೆ ಬಿಸಿಯಾಗಿ ತಗುಲಿತು. ತಣ್ಣೀರಿನಲ್ಲಿ ನೆಂದ ಮಗುವಿಗೆ ಮೈ ಬೆಚ್ಚಗಾಗುವುದು ಯಾವ ತಾಯಿಗೆ ಗೊತ್ತಿಲ್ಲ? ಅವಳಿಗೂ ಗೊತ್ತಿತ್ತು. ಆದರೆ ಎರಡು ಮಕ್ಕಳನ್ನು ಮಣ್ಣು ಮಾಡಿದವಳು ಹಾಗೆ ಯೋಚಿಸುವುದಿಲ್ಲ.

"ಅಜ್ಜೀ, ಗಂಗಿ ಮೈ ಸುಡ್ತಾ ಐತೆ."

ಅಜ್ಜಿ ಮಗುವಿನ ಹಣೆ ಮುಟ್ಟಿದಳು. ಅವಳ ಮುಖವೂ ಬಿಳಿಚಿಕೊಂಡಿತು. ಎದ್ದು ಹಿತ್ತಲ ಬಾಗಿಲಿಗೆ ಹೋಗಿ, "ಸೊಣ್ಣಪ್ಪಾ, ತಡ ಮಾಡ್ಬೇಡ್ವೋ. ನಾಳೆ ಬೆಳಗ್ಗೇನೇ ಆಗೋಗ್ಲಿ" ಎಂದಳು.

ಬೆಳಗ್ಗೆ ಸೀತಿ ಬೆಟ್ಟ ಹತ್ತುವಾಗ ಮಗುವನ್ನು ಕೋದಂಡರಾಮಪ್ಪ ಹೆಗಲ ಮೇಲೆ ಹಾಕಿಕೊಂಡಿದ್ದ. ಗಂಗಿ ಕಣ್ಣು ಮುಚ್ಚಿ ಸಣ್ಣಗೆ ನರಳುತ್ತಿತ್ತು. ಮೇಲೆ ಗಾಳಿ ಜೋರಾಗಿತ್ತು. ಗುಡಿಯ ಬಾಗಿಲು ಇನ್ನೂ ತೆಗೆದಿರಲಿಲ್ಲ. ಒಂದು ಪಕ್ಕದಲ್ಲಿ ಮೊಣಕಾಲೆತ್ತರದ ಚಪ್ಪಟೆ ಕಲ್ಲು. ಅದರ ಮೇಲೆ ಸಣ್ಣ ಸಣ್ಣ ಗೀರುಗಳು, ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು. ಅದೇ ಕಲ್ಲು ಎಂದು ಯಾರೂ ಹೇಳಬೇಕಿರಲಿಲ್ಲ. ಆ ಗೀರು ಒಂದೊಂದೂ ಒಬ್ಬೊಬ್ಬ ಹೆಂಗಸು. ಹೆಸರು ಮಾತ್ರ ಎಲ್ಲಿಯೂ ಕೆತ್ತಿರಲಿಲ್ಲ.

"ಇಲ್ಲೇ ಕೂತ್ಕೊ. ಕೈ ಕಾಲಿಗೆ ನೀರು ತರ್ತೀನಿ" ಎಂದು ಅಜ್ಜಿ ಚೊಂಬು ಹಿಡಿದು ಬಂಡೆಯ ಹಿಂದಿನ ದೊಣೆಗೆ ಹೋದಳು. ಕೋದಂಡರಾಮಪ್ಪ ಮಗುವನ್ನು ಗುಡಿಯ ಜಗುಲಿಯ ಮೇಲೆ ಮಲಗಿಸಿ, ಈ ಕಡೆಗೆ ಬೆನ್ನು ಮಾಡಿ ಕೂತ. ಸೊಣ್ಣಪ್ಪಾಚಾರಿ ಕಲ್ಲಿನ ಮೇಲೆ ಕೆಂಪು ಬಟ್ಟೆ ಹಾಸಿ, ಚೀಲದಿಂದ ಉಳಿ ತೆಗೆದಿಟ್ಟ, ಮರ ಕೆತ್ತುವ ಬಾಚಿ ತೆಗೆದಿಟ್ಟ, ಆಮೇಲೆ ಚೀಲದ ತಳದಲ್ಲಿ ಏನನ್ನೋ ಹುಡುಕುತ್ತಾ ಪಕ್ಕಕ್ಕೆ ಬಾಗಿದ.

ಗಂಗಿ "ಅಮ್ಮಾ" ಎಂದು ಅತ್ತಿತು.

ಆಗ ಆದಿಲಕ್ಷ್ಮಮ್ಮನಿಗೆ ಬಂದ ಹೆದರಿಕೆ ಬೇರೆಯೇ. ಆಚಾರಿ ಉಳಿ ಇಟ್ಟಾಗ ತಾನು ಕೈ ಎಳೆದುಕೊಂಡರೆ? ಅಜ್ಜಿ ನಗುತ್ತಾ ಕೊಟ್ಟ ಕಲ್ಲು ಇದು. ಅತ್ತು ಕರೆದು, ಹಿಡಿಸಿಕೊಂಡು ಕೊಟ್ಟ ಬೆರಳನ್ನು ದೇವರು ಬೇಡವೆಂದರೆ? ಎರಡು ಹೋದವು, ಇದೊಂದಿದೆ. ಅವಳು ಬಲಗೈಯನ್ನು ಕೆಂಪು ಬಟ್ಟೆಯ ಮೇಲೆ ಇಟ್ಟಳು. ಮೂರು ಬೆರಳು ಮಡಚಿ ಎರಡನ್ನು ಚಾಚಿದಳು. ಎಡಗೈಯಲ್ಲಿ ಬಾಚಿ ಎತ್ತಿದಳು. ಕಣ್ಣು ಮುಚ್ಚಲಿಲ್ಲ, ಮುಚ್ಚಿದರೆ ಗುರಿ ತಪ್ಪುತ್ತದೆ.

ಬಾಚಿ ಕಲ್ಲಿಗೆ ಬಡಿದ ಸದ್ದಿಗೆ ಸೊಣ್ಣಪ್ಪಾಚಾರಿ ತಲೆ ಎತ್ತಿದ. ಅವನ ಅಂಗೈಯಲ್ಲಿ ಎರಡು ಬೆರಳಿದ್ದವು. ಹಾಲುಬಣ್ಣದ ಮರದಲ್ಲಿ ಕೆತ್ತಿದ ಎರಡು ತುದಿಬೆರಳು, ಉಗುರು ಸಮೇತ, ಗೆರೆ ಸಮೇತ, ಅವಳ ಅಳತೆಗೆ ಸರಿಯಾಗಿ. ಹಿತ್ತಲಿನಲ್ಲಿ ಕತ್ತಲಾಗುವ ತನಕ ಕೂತು ಮಾಡಿದ್ದು ಅದನ್ನೇ. ಕಲ್ಲಿನ ಮೇಲೆ ಕಿರುಬೆರಳ ತುದಿ ಬೇರೆಯಾಗಿ ಬಿದ್ದಿತ್ತು. ಉಂಗುರದ ಬೆರಳು ಅರ್ಧ ಸೀಳಿತ್ತು. ಆದಿಲಕ್ಷ್ಮಮ್ಮ ಅವನ ಅಂಗೈಯನ್ನೇ ನೋಡಿದಳು. ಬಹಳ ಹೊತ್ತು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನೋವು ಶುರುವಾಯಿತು.

ಓಡಿಬಂದ ಅಜ್ಜಿ ತನ್ನ ಸೆರಗನ್ನೇ ಹರಿದು ಅವಳ ಕೈಗೆ ಸುತ್ತಿದಳು. ಸುತ್ತುತ್ತಾ ಬೈದಳು, ಬೈಯುತ್ತಾ ಅತ್ತಳು.

"ಯಾರೇ ನಿನ್ನ ಕೇಳಿದ್ದು? ಹೂವು ಬಾಡುತ್ತೆ, ಮರ ಬಾಡಲ್ಲ, ದೇವರಿಗೆ ಬೆರಳು ಕೊಟ್ಟಂಗೂ ಆಯ್ತು, ನಿನ್ನ ಕೈ ಉಳಿದಂಗೂ ಆಯ್ತು ಅಂತ ಹರಕೆ ಹೊತ್ತಿದ್ನಲ್ಲೇ! ನಿನ್ನ ಕೈ ನೋಡಿ ನೋಡಿ ಸಂಕಟ ಪಡ್ತಿದ್ನಲ್ಲೇ!"

"ನೀವು... ನಗ್ತಾ ಕೊಟ್ರಂತಲ್ಲ ಅಜ್ಜೀ... ನಾನು..."

ಅಜ್ಜಿಯ ಕೈ ನಿಂತಿತು.

ಅಷ್ಟರಲ್ಲಿ ಬೆಟ್ಟ ಹತ್ತಿ ಬರುತ್ತಿದ್ದ ಜನ ಮೇಲೆ ತಲುಪಿದರು. ಯಾವುದೋ ಊರಿನ ಹೆಂಗಸರು, ಕೈಯಲ್ಲಿ ಹೂವಿನ ಬುಟ್ಟಿ, ಕಂಕುಳಲ್ಲಿ ಮಕ್ಕಳು. ಕಲ್ಲು ನೋಡಿದರು, ರಕ್ತ ನೋಡಿದರು. ಆಮೇಲೆ ಒಬ್ಬಳು ಬುಟ್ಟಿ ಕೆಳಗಿಟ್ಟು, "ಅಮ್ಮಾ, ಮಹಾತಾಯೀ" ಎಂದು ಆದಿಲಕ್ಷ್ಮಮ್ಮನ ಕಾಲಿಗೆ ಬಿದ್ದಳು. ಅವಳ ಹಿಂದೆ ಇನ್ನೊಬ್ಬಳು ಬಿದ್ದಳು. ಜಗುಲಿಯ ಮೇಲಿದ್ದ ಕೋದಂಡರಾಮಪ್ಪನನ್ನು ಯಾರೋ ಕೇಳಿದರು, ಯಾರಪ್ಪಾ ಈ ತಾಯಿ ಎಂದು. ಅವನು ಎದ್ದು ನಿಂತ. "ನಮ್ಮ ಮನೆಯವಳು" ಎಂದ. ಎರಡನೆಯ ಸಲ ಕೇಳಿದಾಗ ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದ.

ಮುತ್ಯಾಲಮ್ಮಜ್ಜಿ ಕಾಲಿಗೆ ಬಿದ್ದವರನ್ನು ಕೋಲಿನಿಂದ ಅಟ್ಟಿದಳು.

"ಏಳ್ರೇ! ಹೋಗ್ರೇ ಆಚೆ! ಯಾವಳೂ ನಗ್ತಾ ಕೊಟ್ಟಿಲ್ಲ ಇಲ್ಲಿ! ನಾನು ಕಿರುಚಿದ್ದು ಕೆಳಗಿನ ಊರಿಗೆ ಕೇಳಿತ್ತು. ನಾಲ್ಕು ಜನ ಹಿಡ್ಕೊಂಡಿದ್ರು ನನ್ನ. ಕೈ ಹಿಡ್ಕೊಂಡಿದ್ದು ಕಟ್ಕೊಂಡ ಗಂಡ! ನಗ್ತಾ ಕೊಟ್ಟಳು ಅಂತ ಊರಿಗೆಲ್ಲಾ ಹೇಳಿದ್ದೂ ಅವನೇ!"

ಅರವತ್ತು ವರ್ಷ ಆಡದ ಮಾತನ್ನು ಮುದುಕಿ ಬೆಟ್ಟವೆಲ್ಲ ಕೇಳುವ ಹಾಗೆ ಕೂಗಿದಳು. ಆ ಹೆಂಗಸರು ಅವಳ ಕೆದರಿದ ಕೂದಲು ನೋಡಿದರು, ಹರಿದ ಸೆರಗು ನೋಡಿದರು, ಮೊಂಡು ಬೆರಳು ನೋಡಿದರು. ಮೈಮೇಲೆ ದೇವರು ಬಂದಿದೆ ಎಂದುಕೊಂಡು ಅವಳಿಗೂ ಕೈಮುಗಿದರು.

ಅಜ್ಜಿಯ ಕೈಯಿಂದ ಕೋಲು ಜಾರಿತು. ಆದಿಲಕ್ಷ್ಮಮ್ಮನ ಪಕ್ಕದಲ್ಲಿ ಕುಸಿದು ಕೂತು, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನನ್ನ ನಾಲ್ಕು ಜನ ಹಿಡ್ಕೊಂಡಿದ್ರು ಕಣೇ ಅಮ್ಮಾಯಿ. ನಿನ್ನ ಯಾರೇ ಹಿಡ್ಕೊಂಡಿದ್ರು?"

ಬುಟ್ಟಿಯ ಹೆಂಗಸು ಮೊಣಕಾಲ ಮೇಲೆ ಹತ್ತಿರ ಸರಿದು ಬಂದು, ತನ್ನ ಎಳೆಯ ಹೆಣ್ಣು ಮಗುವಿನ ತಲೆಯನ್ನು ಆ ಬಟ್ಟೆ ಸುತ್ತಿದ ಕೈಗೆ ಮುಟ್ಟಿಸಿದಳು.